ಇಲಿಯ ಗಡ್ಡೆ, ಗಿಡದ ಬೆಲೆ

ಹತ್ತಿಕಾಳೊಂದನ್ನು ಅಡ್ಡಲಾಗಿ ಸೀಳಿದರೆ ಒಳಗಿನ ಬಿಳಿಯ ತಿರುಳಿನಲ್ಲಿ ಸೂಜಿಮೊನೆಯಷ್ಟು ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆಹೊಲಗಳಲ್ಲಿ ಹತ್ತಿ ಬಿಡಿಸಿದವರಿಗೂ, ಕಾಳನ್ನು ನೆನೆಹಾಕಿ ರುಬ್ಬಿ ಎತ್ತಿನ ಮುಂದಿಟ್ಟವರಿಗೂ ಈ ಚುಕ್ಕೆಗಳು ಹೊಸವಲ್ಲ. ಅವು ಗಿಡದ ಗ್ರಂಥಿಗಳು. ಅವುಗಳೊಳಗೆ ಗಾಸಿಪಾಲ್ ಎಂಬ ಹಳದಿ ಬಣ್ಣದ ರಾಸಾಯನಿಕವಿದೆ. 1899ರಲ್ಲಿ ಪೋಲಿಷ್ ರಸಾಯನಶಾಸ್ತ್ರಜ್ಞ ಮಾರ್ಖ್ಲೆವ್ಸ್ಕಿ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ, ಹತ್ತಿಯ ಕುಲನಾಮವಾದ ಗಾಸಿಪಿಯಂ ಎಂಬುದರಿಂದಲೇ ಅದಕ್ಕೆ ಹೆಸರು ಕೊಟ್ಟನು.

ಅದಾದ ನೂರಕ್ಕೂ ಹೆಚ್ಚು ವರ್ಷಗಳ ನಂತರ, 2008ರಲ್ಲಿ, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಗಾಸಿಪಾಲ್ ಕುರಿತು ಒಂದು ಫಲಿತಾಂಶವನ್ನು ಪ್ರಕಟಿಸಿದರು. ಮನುಷ್ಯನ ಪ್ರಾಸ್ಟೇಟ್ ಕ್ಯಾನ್ಸರಿನ ಗಡ್ಡೆಗಳನ್ನು ಹೊತ್ತ ಇಲಿಗಳಿಗೆ ಗಾಸಿಪಾಲನ್ನೂ ಡೊಸಿಟ್ಯಾಕ್ಸೆಲ್ ಎಂಬ ಔಷಧವನ್ನೂ ಒಟ್ಟಿಗೆ ಕೊಟ್ಟಾಗ, ಡೊಸಿಟ್ಯಾಕ್ಸೆಲ್ ಒಂದನ್ನೇ ಕೊಟ್ಟಾಗ ಆಗುವುದಕ್ಕಿಂತ ಹೆಚ್ಚಾಗಿ ಗಡ್ಡೆಯ ಬೆಳವಣಿಗೆ ಕುಂಠಿತವಾಯಿತು ಎಂಬುದು ಅದರ ಸಾರ.

ಇಂಥ ಫಲಿತಾಂಶಗಳು ಹೊರಬಿದ್ದಾಗಲೆಲ್ಲ ಎರಡು ಕಡೆಗಳಿಂದ ಚಪ್ಪಾಳೆ ಕೇಳಿಬರುತ್ತದೆ. ಪುಡಿ, ಕಷಾಯ, ಮಾತ್ರೆಗಳನ್ನು ಮಾರುವವರು ಚಪ್ಪಾಳೆ ತಟ್ಟುವುದು ಸಹಜ; ಅವರಿಗೆ ಅದು ವ್ಯಾಪಾರ. ಆದರೆ ಎರಡನೆಯ ಚಪ್ಪಾಳೆ ಪರಿಸರ ಚಳವಳಿಯ ಅಂಗಳದಿಂದಲೇ ಬರುತ್ತದೆ. ‘ಯಾವ ಗಿಡದಲ್ಲಿ ಯಾವ ಮಾರಕ ರೋಗದ ಮದ್ದು ಅಡಗಿದೆಯೋ ಬಲ್ಲವರಾರು? ಆದ್ದರಿಂದ ಕಾಡನ್ನು ಉಳಿಸಿರಿ’ ಎಂಬ ವಾದವನ್ನು ಕರಪತ್ರಗಳಲ್ಲಿಯೂ ಭಾಷಣಗಳಲ್ಲಿಯೂ ಚಳವಳಿಯು ಬಹುಕಾಲದಿಂದ ಬಳಸುತ್ತ ಬಂದಿದೆ. ಕೇಳುವುದಕ್ಕೆ ಇದು ಹಿತವಾಗಿದೆ. ಆದರೆ ಈ ವಾದ ತಪ್ಪು, ಮತ್ತು ಅಪಾಯಕಾರಿ. ಇಲಿಯ ಗಡ್ಡೆಯನ್ನು ಕರಗಿಸಬಲ್ಲದು ಎಂಬ ಕಾರಣಕ್ಕೆ ಒಂದು ಗಿಡವನ್ನು ಉಳಿಸಬೇಕೆಂದು ಹೇಳುವವರು, ಆ ಗಿಡದ ಆಯುಷ್ಯವನ್ನು ಪ್ರಯೋಗಶಾಲೆಯೊಂದರ ಫಲಿತಾಂಶಕ್ಕೆ ಅಡವಿಡುತ್ತಾರೆ. ಪರೀಕ್ಷೆಯಲ್ಲಿ ಸೋತರೆ ಗಿಡಕ್ಕೆ ಬೆಲೆಯಿಲ್ಲ. ಗೆದ್ದರೆ ಗಿಡಕ್ಕೆ ಉಳಿವಿಲ್ಲ.

ಇಲಿಯ ಪಕ್ಕೆಯಲ್ಲಿ ಮನುಷ್ಯನ ರೋಗ

ಮೊದಲಿಗೆ ಈ ಪರೀಕ್ಷೆ ಎಂದರೇನು ಎಂಬುದನ್ನು ಸರಿಯಾಗಿ ಅರಿಯಬೇಕು. ಪ್ರಾಸ್ಟೇಟ್ ಎಂಬುದು ಪುರುಷರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದಿರುವ, ಅಡಿಕೆಗಿಂತ ತುಸು ದೊಡ್ಡದಾದ ಗ್ರಂಥಿ. ವಯಸ್ಸಾದಂತೆ ಅದು ಊದಿಕೊಳ್ಳುವುದು ಸಾಮಾನ್ಯ; ಕೆಲವರಲ್ಲಿ ಅದು ಕ್ಯಾನ್ಸರಿಗೆ ತುತ್ತಾಗುತ್ತದೆ. ಇಲಿಗಳಿಗೆ ಈ ರೋಗ ತಾನಾಗಿ ಬರುವುದು ಅತಿ ಅಪರೂಪ. ಆದ್ದರಿಂದ ಸಂಶೋಧಕರು ರೋಗವನ್ನು ಹೊರಗಿನಿಂದ ತಂದು ಇಡಬೇಕಾಗುತ್ತದೆ.

ಹಾಗೆ ತಂದಿಡುವ ಜೀವಕೋಶಗಳ ಒಂದು ಪ್ರಸಿದ್ಧ ಸಾಲಿನ ಹೆಸರು ಪಿಸಿ-3. 62 ವರ್ಷ ವಯಸ್ಸಿನ ಒಬ್ಬ ಅಮೆರಿಕನ್ ರೋಗಿಯಲ್ಲಿ ಪ್ರಾಸ್ಟೇಟಿನಿಂದ ಮೂಳೆಗೆ ಹರಡಿದ್ದ ಗಡ್ಡೆಯಿಂದ ತೆಗೆದ ಈ ಜೀವಕೋಶಗಳ ವಿವರ 1979ರಲ್ಲಿ ಪ್ರಕಟವಾಯಿತು. ಅಂದಿನಿಂದ ಇಂದಿನವರೆಗೂ ಜಗತ್ತಿನ ನೂರಾರು ಪ್ರಯೋಗಶಾಲೆಗಳ ಗಾಜಿನ ಪಾತ್ರೆಗಳಲ್ಲಿ ಅವು ಒಡೆದು ಹೆಚ್ಚುತ್ತಲೇ ಇವೆ. ಅವುಗಳನ್ನು ಥೈಮಸ್ ಗ್ರಂಥಿಯಿಲ್ಲದೆ, ಮೈಮೇಲೆ ರೋಮವೂ ಇಲ್ಲದೆ ಹುಟ್ಟುವ ವಿಶೇಷ ತಳಿಯ ಸುಂಡಿಲಿಗಳ ಪಕ್ಕೆಯ ಚರ್ಮದಡಿಗೆ ಚುಚ್ಚಲಾಗುತ್ತದೆ. ಥೈಮಸ್ ಇಲ್ಲದ ಈ ಇಲಿಗಳಿಗೆ ಪರಕೀಯ ಜೀವಕೋಶಗಳನ್ನು ಹೊರದೂಡುವ ಶಕ್ತಿ ಇಲ್ಲ. ಅದಕ್ಕಾಗಿಯೇ ಅವುಗಳನ್ನು ಆರಿಸಿಕೊಳ್ಳುತ್ತಾರೆ. ಕೆಲವು ವಾರಗಳಲ್ಲಿ ಚರ್ಮದಡಿ ಬಟಾಣಿಯಂಥ ಗಂಟು ಏಳುತ್ತದೆ. ಒಂದು ಗುಂಪಿನ ಇಲಿಗಳಿಗೆ ಗಿಡದ ರಾಸಾಯನಿಕವನ್ನು ಕೊಡುತ್ತಾರೆ, ಇನ್ನೊಂದಕ್ಕೆ ಕೊಡುವುದಿಲ್ಲ. ಅಳತೆಯ ಇಕ್ಕಳದಿಂದ ಗಂಟಿನ ಉದ್ದಗಲಗಳನ್ನು ಅಳೆದು ನಕ್ಷೆ ಬರೆಯುತ್ತಾರೆ. ಕೊನೆಗೆ ಇಲಿಗಳನ್ನು ಕೊಂದು ಗಡ್ಡೆಯನ್ನು ತೂಗುತ್ತಾರೆ.

ವಿಜ್ಞಾನದ ದೃಷ್ಟಿಯಿಂದ ಈ ವಿಧಾನ ನಿರರ್ಥಕವಲ್ಲ. ಯಾವ ರಾಸಾಯನಿಕದ ಬೆನ್ನುಹತ್ತಬೇಕು, ಯಾವುದನ್ನು ಕೈಬಿಡಬೇಕು ಎಂಬ ಜರಡಿಯಾಟಕ್ಕೆ ಅದು ಬೇಕು. ಗಾಸಿಪಾಲಿನ ಬಗ್ಗೆ ಸಂಶೋಧಕರಿಗೆ ಹುಟ್ಟಿದ ಕುತೂಹಲವೂ ನ್ಯಾಯವಾದದ್ದೇ. ಜೀವಕೋಶವು ಸಾಯಬೇಕಾದ ಹೊತ್ತಿನಲ್ಲಿ ಸಾಯದಂತೆ ತಡೆಯುವ ಬಿಸಿಎಲ್-2, ಬಿಸಿಎಲ್-ಎಕ್ಸ್‌ಎಲ್ ಎಂಬ ಪ್ರೊಟೀನುಗಳು ಕ್ಯಾನ್ಸರಿನ ಜೀವಕೋಶಗಳಲ್ಲಿ ಮಿತಿಮೀರಿ ಇರುತ್ತವೆ; ಗಾಸಿಪಾಲ್ ಆ ಪ್ರೊಟೀನುಗಳಿಗೆ ಅಂಟಿಕೊಂಡು ಅವುಗಳ ಕೆಲಸವನ್ನು ನಿಲ್ಲಿಸುತ್ತದೆ. ಆದರೆ ಜರಡಿಯಲ್ಲಿ ಉಳಿದ ಕಾಳೆಲ್ಲ ಮೊಳಕೆಯೊಡೆಯುವುದಿಲ್ಲ ಎಂಬುದನ್ನು ರೈತನಿಗೆ ಹೇಳಿಕೊಡಬೇಕಾಗಿಲ್ಲ. ರೋಗನಿರೋಧಕ ಶಕ್ತಿಯಿಲ್ಲದ, ವಾರಗಳ ವಯಸ್ಸಿನ ಇಲಿಯ ಪಕ್ಕೆಯಲ್ಲಿನ ಗಂಟು ಬೇರೆ. ಎಪ್ಪತ್ತರ ಹರೆಯದ ಮನುಷ್ಯನ ಹೊಟ್ಟೆಯ ಆಳದಲ್ಲಿ ವರ್ಷಗಟ್ಟಲೆ ಬೆಳೆದು, ಬೆನ್ನುಮೂಳೆಗೆ ಬೇರಿಳಿಸಿದ ರೋಗ ಬೇರೆ. ಮನುಷ್ಯರ ಮೇಲಿನ ಪರೀಕ್ಷೆಯ ಹಂತಕ್ಕೆ ಬರುವ ಕ್ಯಾನ್ಸರ್ ಔಷಧಗಳಲ್ಲಿ ನೂರಕ್ಕೆ ಹತ್ತು ಕೂಡ ಕೊನೆಗೆ ಮಂಜೂರಾತಿ ಪಡೆಯುವುದಿಲ್ಲ. ಅವುಗಳೆಲ್ಲವೂ ಒಂದಲ್ಲ ಒಂದು ಇಲಿಯ ಮೇಲೆ ಗೆದ್ದು ಬಂದವುಗಳೇ.

ಹದಿನೆಂಟು ತಿಂಗಳ ಲೆಕ್ಕ

ಗಾಸಿಪಾಲ್ ಇಲಿಯ ಹಂತವನ್ನು ದಾಟಿತು. ಅದರ ಒಂದು ರೂಪವನ್ನು ಶುದ್ಧೀಕರಿಸಿ, ಎಟಿ-101 ಎಂಬ ಸಂಕೇತನಾಮದಲ್ಲಿ ಮಾತ್ರೆಯನ್ನಾಗಿ ಮಾಡಿ ರೋಗಿಗಳಿಗೆ ಕೊಟ್ಟು ನೋಡಲಾಯಿತು. ಹಾರ್ಮೋನು ಚಿಕಿತ್ಸೆಗೆ ಬಗ್ಗದ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 23 ಮಂದಿಯ ಮೇಲಿನ ಪರೀಕ್ಷೆಯ ವರದಿ 2009ರಲ್ಲಿ ಹೊರಬಂದಿತು. ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಕೆಲವರಿಗೆ ಸಣ್ಣ ಕರುಳು ಕಟ್ಟಿಕೊಂಡಿತು, ಪ್ರಮಾಣವನ್ನು ಇಳಿಸಬೇಕಾಯಿತು. ರೋಗದ ಸೂಚಕವಾದ ರಕ್ತದಲ್ಲಿನ ಪಿಎಸ್‌ಎ ಪ್ರಮಾಣವು ಅರ್ಧಕ್ಕೆ ಇಳಿದದ್ದು ಬೆರಳೆಣಿಕೆಯ ರೋಗಿಗಳಲ್ಲಿ ಮಾತ್ರ.

ಮುಂದಿನ ಪರೀಕ್ಷೆ ಇನ್ನೂ ನಿಷ್ಠುರವಾಗಿತ್ತು. ರೋಗವು ದೇಹದಲ್ಲೆಲ್ಲ ಹರಡಿದ್ದ 221 ರೋಗಿಗಳನ್ನು ಎರಡು ಗುಂಪುಗಳಾಗಿ ಚೀಟಿ ಎತ್ತಿದಂತೆ ವಿಂಗಡಿಸಿ, ಎರಡಕ್ಕೂ ಡೊಸಿಟ್ಯಾಕ್ಸೆಲ್ ಚಿಕಿತ್ಸೆಯನ್ನು ಕೊಡಲಾಯಿತು. ಒಂದು ಗುಂಪಿಗೆ ಅದರೊಡನೆ ಹತ್ತಿಕಾಳಿನ ಮಾತ್ರೆ, ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿ ಮಾತ್ರೆ. ಯಾರಿಗೆ ಯಾವುದೆಂಬುದು ರೋಗಿಗೂ ತಿಳಿಯದು, ವೈದ್ಯನಿಗೂ ತಿಳಿಯದು. ಇಲಿಗಳಲ್ಲಿ ಯಶಸ್ವಿಯಾಗಿದ್ದ ಅದೇ ಜೋಡಿ ಔಷಧವನ್ನು ಮನುಷ್ಯರಲ್ಲಿ ಒರೆಗೆ ಹಚ್ಚಿದ ಪರೀಕ್ಷೆಯಿದು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ ಗಾಸಿಪಾಲ್ ಪಡೆದವರು ಬದುಕಿದ ಮಧ್ಯಮ ಅವಧಿ 18.1 ತಿಂಗಳು, ಹುಸಿ ಮಾತ್ರೆ ಪಡೆದವರದು 17.8 ತಿಂಗಳು. ವ್ಯತ್ಯಾಸ ಒಂಬತ್ತು ದಿನ. ಸಂಖ್ಯಾಶಾಸ್ತ್ರದ ಪ್ರಕಾರ ಅದು ವ್ಯತ್ಯಾಸವೇ ಅಲ್ಲ.

ಇಲಿಯ ಗಡ್ಡೆ ಕುಗ್ಗಿದ ಸುದ್ದಿಗೆ ಇದ್ದ ಕಾಲುಗಳು ಈ ಒಂಬತ್ತು ದಿನಗಳ ಸುದ್ದಿಗೆ ಇಲ್ಲ. ಮೊದಲನೆಯದು ಊರೂರು ತಿರುಗುತ್ತದೆ. ಎರಡನೆಯದು ವೈದ್ಯಪತ್ರಿಕೆಯ ಪುಟದಲ್ಲಿಯೇ ಉಳಿಯುತ್ತದೆ. ಹತ್ತಿಯ ಗಿಡಕ್ಕೆ ಇದರಿಂದ ನಷ್ಟವಿಲ್ಲವೆಂದು ಹೇಳಬಹುದು. ಆದರೆ ಮನುಷ್ಯನಿಗೆ ನಷ್ಟವಿದೆ. ಗಾಸಿಪಾಲ್ ನಿರಪಾಯಕಾರಿಯಾದ ಮನೆಮದ್ದಲ್ಲ. ಶುದ್ಧೀಕರಿಸದ ಹತ್ತಿಕಾಳಿನ ಎಣ್ಣೆಯಲ್ಲಿ ಅಡುಗೆ ಮಾಡುತ್ತಿದ್ದ ಚೀನಾದ ಹಳ್ಳಿಗಳಲ್ಲಿ ಮಕ್ಕಳಾಗದಿರುವುದನ್ನು 1950ರ ದಶಕದಲ್ಲಿ ಅಲ್ಲಿನ ವೈದ್ಯರು ಗುರುತಿಸಿದ್ದರು. ಅದನ್ನೇ ಆಧರಿಸಿ 1970ರ ದಶಕದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಗಂಡಸರಿಗೆ ಗಾಸಿಪಾಲನ್ನು ಗರ್ಭನಿರೋಧಕವಾಗಿ ಕೊಟ್ಟು ಪರೀಕ್ಷಿಸಲಾಯಿತು. ಸಂತಾನ ನಿಂತಿತು, ನಿಜ. ಆದರೆ ಕೆಲವರಿಗೆ ರಕ್ತದ ಪೊಟ್ಯಾಸಿಯಂ ಕುಸಿದು ಸ್ನಾಯುಗಳ ಬಲ ಉಡುಗಿತು. ಮಾತ್ರೆ ನಿಲ್ಲಿಸಿದ ಮೇಲೂ ಹಲವರಿಗೆ ಫಲವಂತಿಕೆ ಮರಳಲಿಲ್ಲ. 1986ರ ವೇಳೆಗೆ ಆ ಪ್ರಯತ್ನವನ್ನು ಕೈಬಿಡಲಾಯಿತು. ‘ಗಿಡದಿಂದ ಬಂದದ್ದು, ಆದ್ದರಿಂದ ಅಪಾಯವಿಲ್ಲ’ ಎನ್ನುವವರು ಈ ಅಧ್ಯಾಯವನ್ನು ಓದಬೇಕು.

ಯಲ್ಲಮ್ಮನ ಭಂಡಾರ

ಹತ್ತಿಕಾಳಿನ ಕಥೆ ಒಂದು ಅಪವಾದವೆಂದು ಭಾವಿಸುವವರು ಸವದತ್ತಿಯ ಗುಡ್ಡವನ್ನು ಏರಲಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಜಾತ್ರೆಯಲ್ಲಿ ಯಲ್ಲಮ್ಮನ ಗುಡ್ಡವೆಲ್ಲ ಭಂಡಾರದ ಹಳದಿಯಲ್ಲಿ ಮುಳುಗಿರುತ್ತದೆ. ಅರಿಸಿನಕ್ಕೆ ಆ ಬಣ್ಣವನ್ನು ಕೊಡುವ ಕರ್ಕ್ಯುಮಿನ್ ಕೂಡ ಪ್ರಾಸ್ಟೇಟ್ ಗಡ್ಡೆಯ ಇಲಿಗಳ ಮೇಲೆ ಗೆದ್ದಿದೆ. 2001ರಷ್ಟು ಹಿಂದೆಯೇ ಅಂಥ ವರದಿ ಪ್ರಕಟವಾಗಿದೆ. ಆದರೆ 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ಗುಂಪೊಂದು ಅದುವರೆಗಿನ ಸಂಶೋಧನೆಯನ್ನೆಲ್ಲ ಜಾಲಾಡಿ, ಕರ್ಕ್ಯುಮಿನ್ ದೇಹದೊಳಗೆ ಸ್ಥಿರವಾಗಿ ನಿಲ್ಲದು, ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರದು, ನೂರಿಪ್ಪತ್ತಕ್ಕೂ ಹೆಚ್ಚು ಮಾನವ ಪರೀಕ್ಷೆಗಳ ನಂತರವೂ ಯಾವ ರೋಗಕ್ಕೂ ಅದು ಔಷಧವೆಂದು ದೃಢಪಟ್ಟಿಲ್ಲವೆಂದು ಬರೆಯಿತು.

ಇದರಿಂದ ಅರಿಸಿನದ ಘನತೆಗೆ ಕುಂದು ಬಂದಿತೇ? ಬಾರದು, ಏಕೆಂದರೆ ಗುಡ್ಡದ ಭಕ್ತರು ಅರಿಸಿನವನ್ನು ಕ್ಯಾನ್ಸರಿನ ಮದ್ದೆಂದು ತೂರಿದವರಲ್ಲ. ಗಾಯವನ್ನು ಮಾಯಿಸುವ ಅರಿಸಿನದ ಗುಣಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟ ಪೇಟೆಂಟನ್ನು ಭಾರತದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಳಿಯು ಪ್ರಶ್ನಿಸಿ, 1997ರಲ್ಲಿ ಅದು ರದ್ದಾಗುವಂತೆ ಮಾಡಿತು. ಆ ಹೋರಾಟ ಗೆದ್ದದ್ದು ಇಲಿಯ ಸಾಕ್ಷ್ಯದಿಂದಲ್ಲ. ಈ ಅರಿವು ಹಳೆಯದು, ಜನರದು, ಬರಹದಲ್ಲಿ ದಾಖಲಾದದ್ದು ಎಂಬ ಸಾಕ್ಷ್ಯದಿಂದ. ಚಳವಳಿಗೆ ಮಾದರಿಯಾಗಬೇಕಾದದ್ದು ಈ ಹೋರಾಟವೇ ಹೊರತು ಪ್ರಯೋಗಶಾಲೆಯ ನಕ್ಷೆಗಳಲ್ಲ.

ಗೆದ್ದ ಗಿಡಗಳ ಗತಿ

ಇಲ್ಲಿ ಒಂದು ಆಕ್ಷೇಪಣೆ ಏಳುವುದು ನ್ಯಾಯವೇ. ‘ಎಲ್ಲವೂ ಸೋತಿಲ್ಲವಲ್ಲ? ನಿಜವಾಗಿಯೂ ಔಷಧಗಳಾದ ಗಿಡಗಳಿಲ್ಲವೇ?’ ಖಂಡಿತವಾಗಿ ಇವೆ. ಗಾಸಿಪಾಲಿನೊಡನೆ ಕೊಟ್ಟ ಡೊಸಿಟ್ಯಾಕ್ಸೆಲ್ ಕೂಡ ಗಿಡಮೂಲದ್ದೇ. ಯೂರೋಪಿನ ಯೂ ಮರದ ಎಲೆಗಳಲ್ಲಿರುವ ವಸ್ತುವಿನಿಂದ ತಯಾರಾಗುವ ಅದು 2004ರಲ್ಲಿ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿಗೆ ಅಂಗೀಕೃತವಾಯಿತು. ಅದರ ಅಕ್ಕನಂತಿರುವ ಪ್ಯಾಕ್ಲಿಟ್ಯಾಕ್ಸೆಲ್ ಅಮೆರಿಕದ ಯೂ ಮರದ ತೊಗಟೆಯಿಂದ ಬಂದಿತು; 1962ರಲ್ಲಿ ತೊಗಟೆಯನ್ನು ಸಂಗ್ರಹಿಸಿದ ಮೇಲೆ 1992ರಲ್ಲಿ ಔಷಧವಾಗುವುದಕ್ಕೆ ಮೂವತ್ತು ವರ್ಷ ಹಿಡಿಯಿತು. ಅವು ಸಹಸ್ರಾರು ರೋಗಿಗಳ ಬದುಕನ್ನು ವಿಸ್ತರಿಸಿವೆ. ಅದನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆ.

ಆದರೆ ಮರಕ್ಕೆ ಏನಾಯಿತು? ತೊಗಟೆ ಸುಲಿದರೆ ಯೂ ಮರ ಸಾಯುತ್ತದೆ. ಔಷಧದ ಬೇಡಿಕೆ ಏರಿದಂತೆ ಹಿಮಾಲಯದ ಯೂ ಮರದ ಮೇಲೂ ಕೊಡಲಿ ಬಿದ್ದಿತು. 1995ರಲ್ಲಿ ಅದನ್ನು ಅಂತಾರಾಷ್ಟ್ರೀಯ ವ್ಯಾಪಾರದ ನಿಯಂತ್ರಣಪಟ್ಟಿಗೆ ಸೇರಿಸಬೇಕಾಯಿತು. 2011ರಲ್ಲಿ ಅದು ಅಳಿವಿನಂಚಿನ ಪ್ರಭೇದವೆಂದು ಕೆಂಪುಪಟ್ಟಿಯನ್ನು ಸೇರಿತು.

ಇಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಕಿತ್ತೂರಿನಿಂದ ಪಶ್ಚಿಮಕ್ಕೆ ಹೊರಟರೆ ಎರೆಮಣ್ಣು ಮುಗಿದು ಸಹ್ಯಾದ್ರಿಯ ಕಾಡು ಮೊದಲಾಗುತ್ತದೆ. ಈ ಘಟ್ಟಸಾಲಿನಲ್ಲಿ ಬೆಳೆಯುವ ಒಂದು ಸಣ್ಣ ಮರವನ್ನು ಕನ್ನಡದಲ್ಲಿ ದುರ್ವಾಸನೆ ಮರವೆಂದೂ ಮರಾಠಿಯಲ್ಲಿ ನರಕ್ಯಾ ಎಂದೂ ಕರೆಯುತ್ತಾರೆ. ಅದರ ಹೂವಿನ ನಾತವೇ ಅದಕ್ಕೆ ಈ ಹೆಸರು ತಂದದ್ದು. ಚೀನಾದ ಒಂದು ಮರದಲ್ಲಿ ಅಮೆರಿಕದ ವಾಲ್ ಮತ್ತು ವಾಣಿ 1966ರಲ್ಲಿ ಕಂಡುಹಿಡಿದ ಕ್ಯಾಂಪ್ಟೋಥೆಸಿನ್ ಎಂಬ ಕ್ಯಾನ್ಸರ್ ನಿರೋಧಕ ವಸ್ತು ಈ ದುರ್ವಾಸನೆ ಮರದಲ್ಲಿ ಧಾರಾಳವಾಗಿದೆಯೆಂದು ಭಾರತದ ಗೋವಿಂದಾಚಾರಿ ಮತ್ತು ವಿಶ್ವನಾಥನ್ 1972ರಲ್ಲಿ ತೋರಿಸಿದರು. 1996ರಲ್ಲಿ ಅದರಿಂದ ರೂಪುಗೊಂಡ ಎರಡು ಔಷಧಗಳಿಗೆ ಅಮೆರಿಕದಲ್ಲಿ ಮಂಜೂರಾತಿ ದೊರೆಯಿತು. ಅಷ್ಟೇ ಸಾಕಾಯಿತು. ಮೂಗು ಮುಚ್ಚಿಕೊಂಡು ದೂರ ಸರಿಯುತ್ತಿದ್ದ ಮರವನ್ನು ಹುಡುಕಿಕೊಂಡು ಗುತ್ತಿಗೆದಾರರು ಬಂದರು. ವಸ್ತು ಹೆಚ್ಚಾಗಿರುವುದು ಬೇರಿನಲ್ಲಿ ಮತ್ತು ತೊಗಟೆಯಲ್ಲಿ. ಆದ್ದರಿಂದ ಮರವನ್ನು ಬುಡಸಹಿತ ಅಗೆದು, ಚಕ್ಕೆ ಮಾಡಿ, ಹೊರದೇಶಗಳಿಗೆ ಕಳುಹಿಸಲಾಯಿತು. ಯಾರಿಗೂ ಬೇಡವಾಗಿದ್ದಾಗ ಆ ಮರ ನೆಮ್ಮದಿಯಿಂದಿತ್ತು. ಕ್ಯಾನ್ಸರಿಗೆ ಮದ್ದೆಂದು ಹೆಸರಾದ ಮೇಲೆ ಅಪಾಯಕ್ಕೆ ಸಿಲುಕಿದ ಮರಗಳ ಸಾಲಿಗೆ ಸೇರಿತು.

ಇನ್ನು ಶ್ರೀಗಂಧ. ಅದರ ಎಣ್ಣೆಯಲ್ಲಿರುವ ಆಲ್ಫಾ ಸ್ಯಾಂಟಲಾಲ್ ಎಂಬ ವಸ್ತು ಇಲಿಗಳಲ್ಲಿ ಪ್ರಾಸ್ಟೇಟ್ ಗಡ್ಡೆಯ ಬೆಳವಣಿಗೆಯನ್ನು ತಡೆಯಿತೆಂಬ ವರದಿ 2013ರಲ್ಲಿ ಬಂದಿತು. ‘ಇನ್ನಾದರೂ ಗಂಧದ ಮರದ ಬೆಲೆ ಜನಕ್ಕೆ ತಿಳಿಯಲಿ’ ಎಂದು ಯಾರಾದರೂ ಹರ್ಷಪಟ್ಟರೆ ಅವರಿಗೆ ಕನ್ನಡನಾಡಿನ ಇತಿಹಾಸ ತಿಳಿಯದೆಂದೇ ಹೇಳಬೇಕು. ಗಂಧದಷ್ಟು ಬೆಲೆಯುಳ್ಳ ಮರ ಈ ನಾಡಿನಲ್ಲಿ ಮತ್ತೊಂದಿಲ್ಲ. 1792ರಲ್ಲಿ ಟಿಪ್ಪು ಸುಲ್ತಾನ ಅದನ್ನು ರಾಜವೃಕ್ಷವೆಂದು ಸಾರಿದಂದಿನಿಂದ ಮೊದಲ್ಗೊಂಡು 2001ರ ಅರಣ್ಯ ಕಾಯ್ದೆಯ ತಿದ್ದುಪಡಿಯವರೆಗೆ ಅದು ಸರ್ಕಾರದ ಸೊತ್ತಾಗಿಯೇ ಇತ್ತು. ಕಾವಲಿತ್ತು, ಕಾನೂನಿತ್ತು, ಬೆಲೆಯಿತ್ತು. ಮರ ಮಾತ್ರ ಕಾಡಿನಿಂದ ಕಣ್ಮರೆಯಾಯಿತು. ಬೆಲೆಯೇ ಕಾವಲಾಗುವುದಿದ್ದರೆ ಗಂಧದ ಕಾಡುಗಳು ಇಂದಿಗೂ ಇರಬೇಕಾಗಿತ್ತು.

‘ಆರ್ಥಿಕ ಲಾಭದ ಭಾಷೆಯಲ್ಲಿ ಹೇಳದಿದ್ದರೆ ಸರ್ಕಾರ ಕಿವಿಗೊಡುವುದಿಲ್ಲ’ ಎಂಬುದು ಚಳವಳಿಯ ಕೆಲವು ಹಿರಿಯರ ಸಮಜಾಯಿಷಿ. ಸರ್ಕಾರ ಕಿವಿಗೊಟ್ಟಾಗ ಏನಾಗುತ್ತದೆ ಎಂಬುದಕ್ಕೆ 2023ರ ತಿದ್ದುಪಡಿಯೇ ಉತ್ತರ. 2002ರ ಜೀವವೈವಿಧ್ಯ ಕಾಯ್ದೆಯು ಜೀವಸಂಪನ್ಮೂಲದಿಂದ ಬಂದ ಲಾಭದಲ್ಲಿ ಅದನ್ನು ಕಾಪಾಡಿದ ಜನರಿಗೂ ಪಾಲು ಸಲ್ಲಬೇಕೆಂದು ವಿಧಿಸಿತ್ತು. ಉಲ್ಲಂಘಿಸಿದವರಿಗೆ ಸೆರೆವಾಸದ ಶಿಕ್ಷೆಯೂ ಇತ್ತು. 2024ರ ಏಪ್ರಿಲಿನಿಂದ ಜಾರಿಗೆ ಬಂದ ತಿದ್ದುಪಡಿಯು ಸೆರೆವಾಸವನ್ನು ತೆಗೆದು ದಂಡಕ್ಕೆ ಇಳಿಸಿತು. ಗ್ರಂಥಸ್ಥವಾದ ಪಾರಂಪರಿಕ ಜ್ಞಾನದ ಬಳಕೆಗೆ ಪಾಲಿನ ಹೊಣೆಯಿಂದ ವಿನಾಯಿತಿ ನೀಡಿತು. ಗಿಡವನ್ನು ಔಷಧದ ಕಚ್ಚಾಮಾಲೆಂದು ವರ್ಣಿಸುತ್ತ ಹೋದರೆ, ಕಾನೂನು ಕೂಡ ಅದನ್ನು ಕಚ್ಚಾಮಾಲೆಂದೇ ಕಾಣುತ್ತದೆ. ಆ ಭಾಷೆಯನ್ನು ಕಲಿಸಿಕೊಟ್ಟವರಲ್ಲಿ ಚಳವಳಿಯೂ ಒಂದು.

ಹತ್ತಿ ತನಗಾಗಿ ಮಾಡಿಕೊಂಡದ್ದು

ಮತ್ತೆ ಹತ್ತಿಯ ಹೊಲಕ್ಕೆ ಬರೋಣವೆಂದರೆ, ಅಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಉಳಿದಿದೆ. ಹತ್ತಿಯ ಗಿಡವು ಗಾಸಿಪಾಲನ್ನು ಏಕೆ ತಯಾರಿಸುತ್ತದೆ? ಗಂಡಸರ ಪ್ರಾಸ್ಟೇಟಿಗಾಗಿ ಅಲ್ಲ. ಎಲೆ, ಕಾಯಿ, ಕಾಳುಗಳನ್ನು ಮೆಲ್ಲಲು ಬರುವ ಹುಳುಗಳಿಗೆ ಅದು ವಿಷ. ಮೆಲುಕು ಹಾಕುವ ಎತ್ತು ಎಮ್ಮೆಗಳು ಹೊಟ್ಟೆಯ ಮೊದಲ ಚೀಲದಲ್ಲಿಯೇ ಅದನ್ನು ಬಹುಮಟ್ಟಿಗೆ ಕಟ್ಟಿಹಾಕಿ ಜೀರ್ಣಿಸಿಕೊಳ್ಳಬಲ್ಲವು. ಕೋಳಿ, ಹಂದಿಗಳಿಗೆ ಆ ಬಲವಿಲ್ಲ. 1950ರ ದಶಕದಲ್ಲಿ ಅಮೆರಿಕದಲ್ಲಿ ಗ್ರಂಥಿಗಳಿಲ್ಲದ ಹತ್ತಿಯನ್ನು ಬೆಳೆದು ನೋಡಿದಾಗ ಹುಳುಗಳು ಅದನ್ನು ಹಬ್ಬದೂಟದಂತೆ ತಿಂದು ಮುಗಿಸಿದವು. ಆ ಪಾಠದಿಂದಲೇ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಕೀರ್ತಿ ರಾಥೋಡ್ ಮತ್ತು ಸಂಗಡಿಗರು 2006ರಲ್ಲಿ, ಕಾಳಿನಲ್ಲಿ ಮಾತ್ರ ಗಾಸಿಪಾಲ್ ತಗ್ಗಿಸಿ ಎಲೆ ಕಾಯಿಗಳಲ್ಲಿ ಅದನ್ನು ಉಳಿಸಿದ ಕುಲಾಂತರಿ ಹತ್ತಿಯನ್ನು ರೂಪಿಸಿದರು. 2019ರಲ್ಲಿ ಅ ಕಾಳನ್ನು ಮನುಷ್ಯನ ಆಹಾರವಾಗಿ ಬಳಸಲು ಅಮೆರಿಕ ಸರ್ಕಾರ ಅನುಮತಿ ನೀಡಿತು. ಒಂದೇ ವಸ್ತುವನ್ನು ಒಂದು ಪ್ರಯೋಗಶಾಲೆ ಮದ್ದೆಂದು ಹಿಂಡಿ ತೆಗೆಯುತ್ತಿದ್ದರೆ, ಮತ್ತೊಂದು ಅದನ್ನು ವಿಷವೆಂದು ಕಾಳಿನಿಂದ ಕಳೆಯುತ್ತಿತ್ತು. ಎರಡರ ಅಳತೆಗೋಲೂ ಮನುಷ್ಯನೇ. ಗಿಡದ ಅಳತೆಗೋಲು ಬೇರೆ: ಹುಳುವಿನ ಬಾಯಿಂದ ತನ್ನ ಕಾಳನ್ನು ಉಳಿಸಿಕೊಳ್ಳುವುದು.

ಈ ನಾಲ್ಕು ಊರುಗಳ ಹತ್ತಿಯನ್ನು ಯಾವಾಗಲೂ ಕೊಳ್ಳುವವನ ಅಳತೆಯಲ್ಲಿಯೇ ಅಳೆಯಲಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯ ನಾಟಿ ಹತ್ತಿಗೆ ವ್ಯಾಪಾರಿಗಳು ಇಟ್ಟ ಹೆಸರು ಕುಮಟಾ ಹತ್ತಿ. ಕುಮಟೆಯಲ್ಲಿ ಅದು ಬೆಳೆಯುತ್ತಿರಲಿಲ್ಲ. ಅಲ್ಲಿನ ಬಂದರಿನಿಂದ ಹಡಗು ಹತ್ತುತ್ತಿತ್ತು, ಅಷ್ಟೇ. ಬೆಳೆದ ಮಣ್ಣಿನ ಹೆಸರು ಅಳಿಸಿ ಸಾಗಿಸಿದ ಬಂದರಿನ ಹೆಸರು ಉಳಿಯಿತು. ಉದ್ದ ಎಳೆಗಾಗಿ ಮ್ಯಾಂಚೆಸ್ಟರ್ ಆಸೆಪಟ್ಟಾಗ 1840ರ ದಶಕದಲ್ಲಿ ಅಮೆರಿಕದ ತಳಿ ಬಂದು ಧಾರವಾಡ-ಅಮೆರಿಕನ್ ಎನಿಸಿಕೊಂಡಿತು. ಮುಂದೆ ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರಕಿಯವರು ವರಲಕ್ಷ್ಮಿ ಮತ್ತು ಜಯಲಕ್ಷ್ಮಿ ಸಂಕರ ತಳಿಗಳನ್ನು ಕೊಟ್ಟರು. ಎಳೆ ಉದ್ದವಾಯಿತು, ಅದರೊಂದಿಗೆ ಕೀಟನಾಶಕದ ಡಬ್ಬಿಯೂ ಹೊಲಕ್ಕೆ ಬಂದಿತು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ದೇಶದ ಹತ್ತಿಯ ಹೊಲಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗವನ್ನು ಅದೇ ಆವರಿಸಿತು. ಇಂದು ಗುಲಾಬಿ ಕಾಯಿಕೊರಕವು ಬಿಟಿಯ ವಿಷವನ್ನೂ ಜೀರ್ಣಿಸಿಕೊಂಡಿದೆ. ಮಳೆಯನ್ನೇ ನಂಬಿ, ರಸ ಹೀರುವ ಹುಳುಗಳನ್ನು ತಾಳಿಕೊಂಡು ಎರೆಹೊಲದಲ್ಲಿ ನಿಲ್ಲಬಲ್ಲ ಜಯಧರದಂಥ ನಾಟಿ ಕುಲದ ಹತ್ತಿ ಹುಡುಕಿದರೆ ಸಿಗುವಂತಾಗಿದೆ.

ಈ ನಾಟಿ ಹತ್ತಿಯನ್ನು ಉಳಿಸಬೇಕಾದದ್ದು ಅದರ ಕಾಳಿನಲ್ಲಿ ಕ್ಯಾನ್ಸರಿನ ಮದ್ದಿದೆ ಎಂದಲ್ಲ. ಅದು ಈ ಮಣ್ಣಿಗೆ, ಈ ಮಳೆಗೆ ಒಗ್ಗಿದೆ ಎಂದು. ಅದರ ಎಳೆ ರಾಮದುರ್ಗ, ಸುರೇಬಾನಗಳ ಮಗ್ಗಕ್ಕೂ ಕಾಳು ಕೊಟ್ಟಿಗೆಗೂ ಕಟ್ಟಿಗೆ ಒಲೆಗೂ ಸಲ್ಲುತ್ತದೆ ಎಂದು. ಬೀಜವನ್ನು ರೈತ ತಾನೇ ತೆಗೆದಿಟ್ಟುಕೊಳ್ಳಬಹುದು ಎಂದು. ಈ ಕಾರಣಗಳನ್ನು ಯಾವ ಇಲಿಯೂ ಸುಳ್ಳಾಗಿಸಲಾರದು.

ಆಗಬೇಕಾದ ಕೆಲಸ

ಹಾಗಾದರೆ ಚಳವಳಿ ಮಾಡಬೇಕಾದದ್ದೇನು? ಮೊದಲನೆಯದಾಗಿ, ಗಿಡ ಮತ್ತು ಕ್ಯಾನ್ಸರ್ ಕುರಿತ ಯಾವ ಸುದ್ದಿಯನ್ನೇ ಆಗಲಿ ಕರಪತ್ರಕ್ಕೆ ಏರಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಬೇಕು. ಗೆದ್ದದ್ದು ಗಾಜಿನ ಪಾತ್ರೆಯಲ್ಲೋ, ಇಲಿಯಲ್ಲೋ, ಮನುಷ್ಯನಲ್ಲೋ? ಮನುಷ್ಯನಲ್ಲಾದರೆ ಹುಸಿ ಮಾತ್ರೆಯೊಡನೆ ಹೋಲಿಸಿ ನೋಡಿದ್ದಾರೋ? ಔಷಧಕ್ಕೆ ಬೇಕಾದ ವಸ್ತು ಎಲ್ಲಿಂದ ಬರುತ್ತದೆ, ಕಾಡಿನ ಮರದಿಂದಲೋ ತೋಟದಿಂದಲೋ? ಉತ್ತರ ಸಿಗದಿದ್ದರೆ ಆ ಸುದ್ದಿಯನ್ನು ಅಚ್ಚು ಮಾಡದಿರುವುದೇ ಲೇಸು.

ಎರಡನೆಯದಾಗಿ, ಗ್ರಾಮ ಪಂಚಾಯಿತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಸಿದ್ಧಪಡಿಸಬೇಕಾದ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಗಿಡದ ಹೆಸರಿನ ಮುಂದೆ ರೋಗದ ಹೆಸರನ್ನಷ್ಟೇ ಬರೆದು ಕೈತೊಳೆದುಕೊಳ್ಳಬಾರದು. ಅದು ಎಲ್ಲಿ ಬೆಳೆಯುತ್ತದೆ, ಎಷ್ಟು ಉಳಿದಿದೆ, ಯಾವ ಹಕ್ಕಿ ಹುಳುಗಳು ಅದನ್ನು ನಂಬಿವೆ, ಯಾರು ಅದನ್ನು ಬಿತ್ತಿ ಕಾಪಾಡುತ್ತ ಬಂದಿದ್ದಾರೆ ಎಂಬುದು ಮೊದಲು ದಾಖಲಾಗಬೇಕು. ರೋಗದ ಹೆಸರಷ್ಟೇ ಇರುವ ದಾಖಲೆಯು ಗುತ್ತಿಗೆದಾರನಿಗೆ ದಾರಿ ತೋರಿಸುವ ಪಟ್ಟಿಯಾಗುತ್ತದೆ.

ಮೂರನೆಯದು ಮನುಷ್ಯರ ಮಾತು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಅನುಸೂಚಿಯಲ್ಲಿ ಕ್ಯಾನ್ಸರಿನ ಹೆಸರೂ ಇದೆ, ಪ್ರಾಸ್ಟೇಟ್ ಗ್ರಂಥಿಯ ಕಾಯಿಲೆಗಳ ಹೆಸರೂ ಇದೆ. ಅವುಗಳನ್ನು ವಾಸಿ ಮಾಡುವುದಾಗಿ ಜಾಹೀರಾತು ಕೊಡುವುದು ಅಪರಾಧ. ಜಾತ್ರೆ ಸಂತೆಗಳಲ್ಲಿ ಅಂಥ ಫಲಕ ಕಂಡಾಗ ದೂರು ಕೊಡುವುದು ಪರಿಸರ ಕಾರ್ಯಕರ್ತರ ಕೆಲಸವೂ ಹೌದು. ಇಲಿಗಳು ಸತ್ತದ್ದು ಒಂದು ಪ್ರಶ್ನೆಗೆ ಉತ್ತರ ಹುಡುಕಲಿಕ್ಕೆ. ಯಾರದೋ ಪುಡಿಯ ಡಬ್ಬಿಗೆ ಸಾಕ್ಷಿಯಾಗಲಿಕ್ಕಲ್ಲ.

ಮೂತ್ರದ ಧಾರೆ ಸಣ್ಣದಾಗಿದೆ, ರಾತ್ರಿ ನಾಲ್ಕಾರು ಸಲ ಏಳಬೇಕಾಗಿದೆ, ಮೂತ್ರದಲ್ಲಿ ರಕ್ತ ಕಂಡಿದೆ, ಸೊಂಟದ ಮೂಳೆ ಬಿಡದೆ ನೋಯುತ್ತಿದೆ ಎನ್ನುವ ಹಿರಿಯರು ಈ ಊರುಗಳಲ್ಲಿ ಕಡಿಮೆಯಿಲ್ಲ. ವಯಸ್ಸಾಯಿತೆಂದು ಅವರು ಸುಮ್ಮನಿರುತ್ತಾರೆ. ನಾಚಿಕೆಯಿಂದ ಮಕ್ಕಳಿಗೂ ಹೇಳುವುದಿಲ್ಲ. ಅವರಲ್ಲಿ ಹೆಚ್ಚಿನವರದು ಕ್ಯಾನ್ಸರ್ ಆಗಿರಲಾರದು. ಗ್ರಂಥಿಯ ಸಾಮಾನ್ಯ ಊತವಾಗಿರುತ್ತದೆ. ಯಾವುದೆಂಬುದನ್ನು ತಿಳಿಯಲು ವೈದ್ಯರ ತಪಾಸಣೆ ಮತ್ತು ರಕ್ತದ ಪಿಎಸ್‌ಎ ಪರೀಕ್ಷೆಯಿಂದ ಮೊದಲಾಗಬೇಕು. ಕ್ಯಾನ್ಸರೇ ಆಗಿದ್ದರೂ, ಪುರುಷ ಹಾರ್ಮೋನನ್ನು ತಡೆದರೆ ರೋಗ ಹಿಮ್ಮೆಟ್ಟುತ್ತದೆಂದು ಚಾರ್ಲ್ಸ್ ಹಗಿನ್ಸ್ 1941ರಲ್ಲಿಯೇ ತೋರಿಸಿಕೊಟ್ಟು 1966ರಲ್ಲಿ ನೊಬೆಲ್ ಪಡೆದನು. ಆ ಚಿಕಿತ್ಸೆ ಇಂದು ಹುಬ್ಬಳ್ಳಿ, ಬೆಳಗಾವಿಗಳಲ್ಲಿ ದೊರೆಯುತ್ತದೆ. ಒಬ್ಬ ಹಿರಿಯನು ಗಿಡದ ಪುಡಿಯನ್ನು ನಂಬಿ ಆರು ತಿಂಗಳು ಕಳೆದರೆ, ಆ ಆರು ತಿಂಗಳಲ್ಲಿ ರೋಗ ಮೂಳೆಗೆ ಇಳಿದರೆ, ಗಿಡದ ಹೆಸರಿನಲ್ಲಿ ಚಪ್ಪಾಳೆ ತಟ್ಟಿದವರೆಲ್ಲರಿಗೂ ಅದರಲ್ಲಿ ಪಾಲಿದೆ.

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಎಂ.ಕೆ. ಹುಬ್ಬಳ್ಳಿಯನ್ನು ದಾಟಿ, ನವಿಲುತೀರ್ಥದಲ್ಲಿ ತಂಗಿ, ರಾಮದುರ್ಗದ ಮಗ್ಗಲಲ್ಲಿ ಹರಿದು ಕೂಡಲಸಂಗಮವನ್ನು ಸೇರುತ್ತಾಳೆ. ಮೇಲೆ ದುರ್ವಾಸನೆ ಮರ ನಿಂತ ಕಾಡು ಉಳಿದರೆ ಮಾತ್ರ ಕೆಳಗೆ ಹತ್ತಿಯ ಹೊಲಕ್ಕೆ ನೀರು. ಕಾಡನ್ನು ಉಳಿಸಿರೆಂದು ಎರೆಸೀಮೆಯ ರೈತನಿಗೆ ಹೇಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ, ಮತ್ತು ಇದನ್ನು ಅವನಿಗೆ ಯಾವ ಇಲಿಯ ನಕ್ಷೆ ತೋರಿಸಿಯೂ ಒಪ್ಪಿಸಬೇಕಾಗಿಲ್ಲ. ಮುಂದಿನ ಮುಂಗಾರಿಗೆ ಮುನ್ನ ಅಚ್ಚಾಗುವ ಕರಪತ್ರಗಳಲ್ಲಿ ‘ಮಾರಕ ರೋಗದ ಮದ್ದು’ ಎಂಬ ಸಾಲನ್ನು ತೆಗೆದು, ಆ ಜಾಗದಲ್ಲಿ ಮಲಪ್ರಭೆಯ ಹೆಸರನ್ನು ಬರೆಯಲಿ.